ಭಜಿ ಝಾರಾದ ಎರಡನೇ ಕೆಲಸ

ಅಂಗಡಿಯಲ್ಲಿ ಬೆಲೆ ಕೇಳಿದ ಕೂಡಲೇ ಹಣ ತೆಗೆಯುವವರನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ. ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ಹೊರುವುದರಿಂದ ಶುರುಮಾಡಿ ಸ್ವಂತ ಗೋದಾಮಿನವರೆಗೆ ಬಂದವನು ನಾನು. ಆ ದಾರಿಯಲ್ಲಿ ನನ್ನ ಕೈಬಿಡದೆ ನಡೆಸಿದ್ದು ಎರಡು ಸೂತ್ರ. ಅಂಗಡಿಯವನು ಮೊದಲು ಹೇಳಿದ್ದು ಬೆಲೆಯೇ ಅಲ್ಲ. ಮನೆಯ ಸಾಮಾನಿಗೆ ಎರಡನೇ ಕೆಲಸ ಹುಡುಕದೆ ಹೊಸದನ್ನು ಕೊಳ್ಳಬಾರದು. ಕೇಳದವರಿಗೂ ಇದನ್ನು ಹೇಳುತ್ತಿರುತ್ತೇನೆ. ಮಾಧವನಗರದ ಶೇರ್ ಆಟೋದಲ್ಲಿ ನನ್ನ ಪಕ್ಕ ಕೂತವರು ಒಂದು ಸ್ಟಾಪ್ ಮೊದಲೇ ಇಳಿಯುವುದು ಅದಕ್ಕೇ ಇರಬೇಕು.

ಹೀಗಿರುವಾಗ ಗೋದಾಮಿನ ಚೀಲಗಳ ಸಂದಿಯಲ್ಲಿ ಒಂದು ಬೆಕ್ಕಿನ ಮರಿ ಸಿಕ್ಕಿತು. ತಾಯಿಯ ಸುಳಿವಿಲ್ಲ. ಬಿಳಿ ಮರಿ, ಅರಿಶಿನದಲ್ಲಿ ಹೊರಳಿ ಮದುಮಗಳ ಹಾಗೆ ಹಳದಿಯಾಗಿತ್ತು. ಮನೆಗೆ ತಂದೆ. ಪಶುವೈದ್ಯರು ಮರಿಗಳ ಹಾಲಿನ ಪುಡಿ, ಕುಡಿಸಲು ಪುಟ್ಟ ಬಾಟಲಿ, ಮಲಗಲು ಬುಟ್ಟಿ, ಅದರ ಮರಳಿನ ತಟ್ಟೆಯಿಂದ ಹೇಸಿಗೆ ಎತ್ತಲು ತೂತಿನ ಸೌಟು, ಎಲ್ಲ ತರಲು ಹೇಳಿದರು. ಪುಡಿ ಕೊಂಡೆ, ಚೌಕಾಸಿ ಮಾಡಿಯೇ. ಉಳಿದದ್ದಕ್ಕೆ ಅಡುಗೆಮನೆ ಇಲ್ಲವೇ?

ಜೋಳದ ಭಕ್ರಿ ಬಿಸಿಯಾಗಿಡುವ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ಹಳೆಯ ಬಟ್ಟೆ ಹಾಸಿದೆ, ಬುಟ್ಟಿಯಾಯಿತು. ಭಜಿ ಕರಿಯುವ ಝಾರಾ, ಅದೂ ತೂತಿನ ಸೌಟೇ, ಮರಳಿನ ತಟ್ಟೆಗೆ ಹೋಯಿತು. ಮರಳೆಲ್ಲ ಸೋರಿ ಎಸೆಯಬೇಕಾದದ್ದಷ್ಟೇ ಮೇಲೆ ಉಳಿಯುತ್ತಿತ್ತು. ಝಾರಾ ಮಾಡಿದವನಿಗೂ ಅದರ ಈ ಗುಣ ಗೊತ್ತಿರಲಿಕ್ಕಿಲ್ಲ. ನನ್ನ ಹೆಂಡತಿ ಕಸ್ತೂರಿ ಮಾತ್ರ ಹೊಸ್ತಿಲ ಮೇಲೆ ನಿಂತು ಕಾಯಿದೆ ಹೊರಡಿಸಿದಳು.

"ನೋಡ್ರಿ, ಬೆಕ್ಕಿಗೆ ಮುಟ್ಟಿಸಿದ ಭಾಂಡೆ ಹೊಳ್ಳಿ ನನ್ನ ಒಲಿ ಕಡೆ ಬರಂಗಿಲ್ಲ. ಇವತ್ತ ಝಾರಾ ಹೋತು, ನಾಳೆ ನನ್ನೂ ಹೊರಗ ಹಾಕ್ತೀರೇನು?"

"ನಿನಗ ಎರಡನೇ ಕೆಲಸ ಇನ್ನೂ ಹೊಳದಿಲ್ಲ ಬಿಡು," ಎಂದೆ. ಅಂದಿನ ಚಹಾ ನಾನೇ ಮಾಡಿಕೊಂಡೆ.

ತೊಡಕಾದದ್ದು ಹಾಲು. ಚಮಚದಲ್ಲಿ ಹಾಕಿದರೆ ಮೂಗಿಗೇರಿ ಮರಿ ಸೀನುತ್ತಿತ್ತು. ತುಪ್ಪದ ಮಿಳ್ಳಿ ಅದರ ಬಾಯಿಗಿಂತ ದೊಡ್ಡದು. ಮರುದಿನ ಸಂಜೆಯ ಹೊತ್ತಿಗೆ ಮರಿ ಕೂಗುವುದನ್ನೂ ಬಿಟ್ಟು, ತಲೆ ಎತ್ತಲಾರದೆ ಡಬ್ಬಿಯಲ್ಲಿ ಮುದುಡಿ ಬಿದ್ದಿತು. "ಬಾಬಾ, ಬಾಟಲಿ ಘ್ಯಾ ನಾ!" ಎಂದು ಮಗಳು ಚೀರಿದಳು, ಬಾಟಲಿ ತನ್ನಿ ಅಂತ. ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಸಿಟ್ಟು ಮಾತ್ರ ಮರಾಠಿಯಲ್ಲೇ ಬರುತ್ತದೆ. ಚಪ್ಪಲಿ ಮೆಟ್ಟಿ ಓಡಿದೆ. ಪುಡಿ ಕೊಂಡ ಅಂಗಡಿಗೆ ಅಂದು ವಾರದ ರಜೆ.

ಬರಿಗೈಯಲ್ಲಿ ಬಂದಾಗ ಕಸ್ತೂರಿ ತಿಜೋರಿ ತೆರೆಯುತ್ತಿದ್ದಳು. ಅದರಲ್ಲಿ ಅವಳ ತವರಿನ ಬೆಳ್ಳಿ ಒಳಲೆ ಇತ್ತು. ಕೂಸಿಗೆ ಹಾಲು ಹನಿಸುವ ಚೂಪು ಮೂತಿಯ ಪುಟ್ಟ ಬಟ್ಟಲು. ನಮ್ಮ ಮಗಳು ಅದರಲ್ಲೇ ಕುಡಿದು ಬೆಳೆದವಳು. ಸುಮ್ಮನೆ ಕೂತಿದೆ, ಮುರಿಸಿ ಬೇರೆ ಏನಾದರೂ ಮಾಡಿಸೋಣ ಎಂದು ನಾನು ಅಂದಾಗಲೆಲ್ಲ ಕಸ್ತೂರಿ ನನ್ನೊಡನೆ ಮಾತು ಬಿಡುತ್ತಿದ್ದಳು.

"ಏ, ಅದು ಬೆಳ್ಳೀದು!" ಎಂದೆ.

"ಸುಮ್ಮ ಕುಂತ ಸಾಮಾನಿಗೆ ಕೆಲಸ ಕೊಡ್ರಿ ಅಂತ ಊರಿಗೆಲ್ಲ ಹೇಳ್ತೀರಿ. ಕೊಟ್ಟೇನಿ. ಬಾಯಿ ಮುಚ್ಚಿ ಅದರ ತಲಿ ಹಿಡೀರಿ, ಹಗೂರ."

ಹಿಡಿದೆ. "ಕುಡಿ ನನ್ನವ್ವ, ಕುಡಿ," ಎಂದು ಅವಳು ಹನಿಹನಿಯಾಗಿ ಬಿಟ್ಟಳು. ಮಗಳಿಗೆ ಕುಡಿಸುವಾಗ ಇದ್ದ ಅದೇ ದನಿ. ಮೊದಲ ಹನಿಗಳು ಗದ್ದದ ಮೇಲೆ ಇಳಿದವು. ಆಮೇಲೆ ಒಂದು ಗುಟುಕು. ಗುಲಾಬಿ ನಾಲಿಗೆ ಹೊರಬಂದು ಬೆಳ್ಳಿಯ ಮೂತಿಯನ್ನು ನೆಕ್ಕಿತು.

ಒಳಲೆಯನ್ನು ಕುದಿನೀರಲ್ಲಿ ತೊಳೆದು ಅವಳು ತಿಜೋರಿಯಲ್ಲೇ ಇಟ್ಟಳು. "ಬೆಕ್ಕಿಗೆ ಮುಟ್ಟಿಸಿದ್ದು ಹೊಳ್ಳಿ ಬರಂಗಿಲ್ಲ ಅಂದಿದ್ದಿಯಲ್ಲ?" ಎಂದು ಕೆಣಕಿದೆ.

"ಒಲಿ ಕಡೆ ಅಂದಿದ್ದೆ. ತಿಜೋರಿ ಕಡೆ ಅಂದಿಲ್ಲ."

"ಹಂಗಾದ್ರ ಝಾರಾ?"

"ಹೊಸಾದು ತರ್ರಿ."

ಮರಿ ಈಗ ಡಬ್ಬಿಯಲ್ಲಿ ಹಿಡಿಸದಷ್ಟು ದುಂಡಗಾಗಿದೆ. ನಾನು ಭಜಿ ಕಾಣದೆ ಸೊರಗಿ, ಕೊನೆಗೆ ಮಿರಜಿನ ಪಾತ್ರೆ-ಭಾಂಡೆ ಅಂಗಡಿಗೆ ಹೋದೆ. ಅಂಗಡಿಯವನು ಬೆಲೆ ಹೇಳಿದ. ನಾನು ಎಂದಿನಂತೆ ಸ್ಟೂಲ್ ಎಳೆದು ಕೂತೆ.

"ಕಾಕಾ, ಹಳೇ ಝಾರಾ ತಂದು ಕೊಡ್ರಿ, ನೀವು ಅಂದಷ್ಟಕ್ಕ ಹೊಸಾದು ಕೊಡ್ತೇನಿ," ಎಂದ ಅವನು ಪ್ರೀತಿಯಿಂದ. "ಹಳೇ ಕಾಲದ್ದು ಗಟ್ಟಿ ಇರತಾವ್ರಿ. ಉಜ್ಜಿ ನಮ್ಮ ಮನ್ಯಾಗ ಭಜಿ ಕರ್ಯಾಕ ವಾಪರಸ್ತೇವಿ."

ನಾನು ಎದ್ದು, ಅವನು ಮೊದಲು ಹೇಳಿದ ಬೆಲೆಯನ್ನೇ ಕೊಟ್ಟು ಹೊರಗೆ ಬಂದೆ.