ಮಾಳಿಗೆಯ ಮೇಲೊಂದು ಹಲ್ಲು

ಸಿದ್ಧರಾಮ ಮಾಸ್ತರರು ಕಡ್ಡಿಪೆಟ್ಟಿಗೆ ತೆರೆದು ನೋಡಿದರೆ ಹಲ್ಲು ಮಾಯವಾಗಿತ್ತು.

ಅವರ ಬಾಯಿಯ ಹಲ್ಲಲ್ಲ. ಯಂಕಂಚಿ ಊರಲ್ಲಿರುವ ತಮ್ಮ ಹೊಲದಲ್ಲಿ ಬಾವಿ ತೋಡಿಸುವಾಗ ಸಿಕ್ಕದ್ದು, ಜೋಳದ ಕಾಳಿನಷ್ಟಿತ್ತು. ಆರೂವರೆ ಕೋಟಿ ವರ್ಷಗಳ ಹಿಂದೆ, ಬೆಂಕಿಯಾಗಿ ಹರಿದ ಕಲ್ಲು ಆರಿ ಈ ಕರಿನೆಲವಾಗುತ್ತಿದ್ದ ಕಾಲದಲ್ಲಿ, ಮರಿಗೆ ಹಾಲೂಡಿಸಿದ ಹಳೆಯ ಜೀವಿಗಳಲ್ಲೊಂದರ ಹಲ್ಲು ಅದೆಂದು ಮಾಸ್ತರರು ನಂಬಿದ್ದರು. ಫೋಟೋ ನೋಡಿದ ವಿಶ್ವವಿದ್ಯಾಲಯದ ಪ್ರಜ್ಞಾ ಮೇಡಂ, ನಿಜವಾದರೆ ಆ ಪ್ರಾಣಿಗೆ ಹೊಲದ ಯಜಮಾನರ ಹೆಸರನ್ನೇ ಇಡೋಣ ಎಂದಿದ್ದರು. ಅವರು ಇವತ್ತು ಹನ್ನೊಂದಕ್ಕೆ ಬರುವವರಿದ್ದರು.

ಎಂಟು ದಿನದಿಂದ ಮಾಸ್ತರರು ನೆಲದ ಮೇಲೆ ಇರಲಿಲ್ಲ. ಪಾಠದ ನಡುವೆ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರು. ಆ ಕಾಲದ ಕೆರೆಯ ದಂಡೆ, ಬೂದಿ ಬಣ್ಣದ ಬೆಳಕು, ಗಿಡದ ಬುಡದಲ್ಲಿ ಅಂಗೈಯಷ್ಟು ಪ್ರಾಣಿಯೊಂದು ಮರಿಗಳನ್ನು ಹೊಟ್ಟೆಗವುಚಿಕೊಂಡು ಮಲಗಿದೆ. ಅದರ ಹೆಸರು ಸಿದ್ಧರಾಮ. ಹಾಲೂಡಿಸುವ ಪ್ರಾಣಿಗೆ ಗಂಡು ಹೆಸರು ಒಪ್ಪುತ್ತದೆಯೇ ಎಂಬುದೊಂದೇ ಅವರ ಚಿಂತೆಯಾಗಿತ್ತು.

"ಅವ್ವಾ, ಕಡ್ಡಿಪೆಟ್ಟಗ್ಯಾಗಿನ ಹಲ್ಲು ಎಲ್ಲಿ?"

"ಕಾವೇರಿದೇನು?" ಎಂದಳು ತಾಯಿ ಚನ್ನವ್ವ, ಮೊಮ್ಮಗಳ ಹಲ್ಲೆಂದೇ ತಿಳಿದು. "ಸಗಣ್ಯಾಗ ಇಟ್ಟು ಮಾಳಗಿ ಮ್ಯಾಲ ಒಗದೇನಿ. ಮನ್ಯಾಗ ಇಟ್ಕೊಂಡ್ರ ಕೂಸಿಗೆ ಹೊಸಾದು ಬರೂದಿಲ್ಲ."

"ನನ್ನ ಮಗಳ ಹಲ್ಲು ನಿನ್ನೆ ಸಾಲ್ಯಾಗ ಬಿದ್ದು ಅಲ್ಲೇ ಕಳದೈತಿ. ಇದು ಆರೂವರೆ ಕೋಟಿ ವರ್ಷದ್ದು."

ಚನ್ನವ್ವ ಮಗನ ಮುಖವನ್ನೇ ನೋಡಿದಳು. "ಹಂಗಾರ ಇನ್ನ ಹೊಸಾದು ಬರೂದಿಲ್ಲ ಬಿಡು."

ಮುದುಕಿಯ ಕೈ ಇನ್ನೂ ಗಟ್ಟಿ. ಉಂಡೆ ತಮ್ಮ ಮಾಳಿಗೆ ದಾಟಿ ಪಕ್ಕದ ಶೇವಂತೆವ್ವನ ಮಾಳಿಗೆಗೆ ಬಿದ್ದಿತ್ತು. ಮಾಸ್ತರರು ಏಣಿ ಹತ್ತುವಷ್ಟರಲ್ಲಿ ಕೆಳಗಿನಿಂದ ಅವಳ ದನಿ ಬಂತು.

"ಮಾಸ್ತರ, ಮೊನ್ನೆರ ಹಾಳಮಣ್ಣು ಹಾಕಿಸೇನಿ. ತುಳೀಬ್ಯಾಡ, ಸೋರ್ತೈತಿ."

ಮೇಲೆ, ಸೋರದಂತೆ ಚಾವಣಿಗೆ ಹರವಿದ ಆ ಬಿಳಿ ಹಾಳಮಣ್ಣಿನ ತುಂಬ ಓಣಿಯ ಮಕ್ಕಳ ಸಗಣಿಯುಂಡೆಗಳೇ. ಮಾಸ್ತರರು ಒಂದೊಂದನ್ನೇ ಒಡೆಯುತ್ತ ಹೋದರು. ಮಡಿಲಲ್ಲಿ ಹಾಲುಹಲ್ಲುಗಳ ರಾಶಿಯಾಯಿತು. ಎದುರುಮನೆಯ ಗುರಣ್ಣ ಕರೆಯದಿದ್ದರೂ ಸಹಾಯಕ್ಕೆ ಹತ್ತಿ ಬಂದ.

"ಇದು ನಮ್ಮ ಹುಡುಗಂದು ನೋಡ್ರಿ, ಹುಳುಕ ಐತಿ," ಎಂದು ಹೆಮ್ಮೆಯಿಂದ ಒಂದು ಹೆಜ್ಜೆ ಮುಂದಿಟ್ಟ. ಮಾಳಿಗೆ ಕುಸಿದು ಅವನ ಕಾಲು ತೊಡೆಯ ತನಕ ಶೇವಂತೆವ್ವನ ಅಡುಗೆಮನೆಗೆ ಇಳಿಯಿತು.

ಕೆಳಗೆ ಬೈಗುಳಗಳು ಶುರುವಾದವು. ಅದೇ ಹೊತ್ತಿಗೆ ತೂತಿನ ಅಂಚಿನಲ್ಲಿ ಹಸಿ ಉಂಡೆ ಕಂಡಿತು. ಮಾಸ್ತರರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಕ್ಕಿಮರಿ ತರುವವರಂತೆ ಏಣಿ ಇಳಿದರು. ಮೇಡಂ ಅಂಗಳದಲ್ಲಿ ನಿಂತಿದ್ದರು. ಇಂಡಿ ಕಡೆಯ ಹಳ್ಳಿಯ ಹೆಣ್ಣುಮಗಳು, ಸಗಣಿಗೆ ಹೇಸಲಿಲ್ಲ.

"ಹಲ್ಲು ಯಾವ ಕಾಲದ ಜೀವ ಅಂತ ಹೇಳ್ತೈತಿ," ಎಂದರು ಭೂತಗನ್ನಡಿ ತೆಗೆಯುತ್ತ. "ಈಗಿನ ಇಲಿ, ಬಾವಲಿ, ಮನಷ್ಯಾರ ಮೈಯಾಗಿನ ಜೀನುಗಳು ಯಾರಿಗೆ ಯಾರು ಅಣ್ಣತಮ್ಮರು ಅಂತ ಹೇಳ್ತಾವ. ಎರಡೂ ಕೂಡ್ಸಿ ವಂಶಾವಳಿ ಬರೀತೇವಿ."

ತೂತಿನಿಂದ ಕಾಲು ಬಿಡಿಸಿಕೊಂಡು ಇಳಿದು ಬಂದಿದ್ದ ಗುರಣ್ಣನಿಗೆ, ಎತ್ತಿನ ಮೇಲೆ ಮನೆಮನೆಗೆ ಬಂದು ವಂಶ ಓದುವ ಹೆಳವರು ನೆನಪಾದರು. "ಅಂದ್ರ ನೀವು ಹೆಳವರು ಆದ್ರಿ. ಎತ್ತು ಎಲ್ಲಿ ಕಟ್ಟೀರಿ?"

ಮೇಡಂ ನಗುತ್ತಲೇ ಉಂಡೆಯೊಳಗಿನ ಹಲ್ಲು ಬಿಡಿಸಿ ನೋಡಿದರು. ನಗು ನಿಂತಿತು. "ಮಾಸ್ತರ್ರ, ಇದು ಮುಂಗುಸಿ ಹಲ್ಲು. ಬಾಳಂದ್ರ ಹತ್ತ ವರ್ಷದ್ದು."

ಮಾಸ್ತರರಿಗೆ ಅಳುವೇ ಬಂತು. ಎಂಟು ದಿನದ ಕೆರೆ ಒಂದು ಕ್ಷಣದಲ್ಲಿ ಬತ್ತಿಹೋಯಿತು.

ಮೇಡಂ ಮಾತ್ರ ಉಂಡೆಯನ್ನು ಕೆಳಗಿಡಲಿಲ್ಲ. ಅದರ ತಳಕ್ಕೆ ಮಾಳಿಗೆಯ ಬಿಳಿ ಮಣ್ಣು ಮೆತ್ತಿತ್ತು. ಮಣ್ಣಿನಲ್ಲಿ ಸಾಸಿವೆಯಷ್ಟು ಕರಿಯದೇನೋ ಇತ್ತು. ಬ್ರಶ್ಶಿನಿಂದ ಒರೆಸಿ ಬಹಳ ಹೊತ್ತು ನೋಡಿದರು.

"ಇದ ಆ ಕಾಲದ ಹಲ್ಲು. ನಾವು ಹುಡುಕೂದು ಇಂಥಾದ್ದ. ಈ ಮಣ್ಣು ಎಲ್ಲೀದು?"

"ನಮ್ಮ ಹೊಲದ ಕುಣೀದ್ರಿ," ಎಂದಳು ಬೈಯುತ್ತಲೇ ಹೊರಬಂದಿದ್ದ ಶೇವಂತೆವ್ವ. "ಕರಿಕಲ್ಲಿನ ನಡುವ ಬೆಳ್ಳನ ಪದರ ಐತಿ."

"ಹಂಗಾರ ಪ್ರಾಣಿ ಹೆಸರು ಶೇವಂತಿ."

"ಇಡ್ರಿ. ಆದ್ರ ಈ ತೂತು ಯಾರು ಮುಚ್ಚತಾರ?"

ಎಲ್ಲರೂ ಮಾಸ್ತರರನ್ನು ನೋಡಿದರು. ಅವರು ಬುಟ್ಟಿ ಎತ್ತಿಕೊಂಡು ಆ ಮಣ್ಣಿನ ಗುಂಡಿಯ ಕಡೆ ಹೊರಟರು.

"ಆ ಕುಣ್ಯಾಗಿಂದ ಒಂದ ಹಿಡಿ ಮಣ್ಣೂ ತಗೀಬ್ಯಾಡ್ರಿ," ಎಂದರು ಮೇಡಂ.

ಮಧ್ಯಾಹ್ನ ಮೋಡ ಕವಿಯಿತು. ಮಾಸ್ತರರು ಮಾಳಿಗೆಯ ತೂತಿನ ಮೇಲೆ ಕೊಡೆ ಹಿಡಿದು ಕುಳಿತರು. ಹನಿಗಳ ಸದ್ದಿಗೆ ಕಣ್ಣು ಮುಚ್ಚಿದವು. ಅದೇ ಕೆರೆ, ಅದೇ ಬೂದಿ ಬೆಳಕು ಮರಳಿ ಬಂದವು. ಅಂಗೈಯಷ್ಟು ಪ್ರಾಣಿ ಮರಿಗಳ ನಡುವಿನಿಂದ ಮೆಲ್ಲಗೆ ತಲೆಯೆತ್ತಿ ಅವರನ್ನು ದಿಟ್ಟಿಸಿತು.

"ಮಾಸ್ತರ," ಎಂದಿತು ಶೇವಂತೆವ್ವನ ದನಿಯಲ್ಲಿ, "ಕೊಡೆ ಸರಿ ಹಿಡಿ, ಸೋರಾಕತ್ತೈತಿ."