ಪ್ರಿಂಟರಿನ ಪಕ್ಕದ ಮನುಷ್ಯ

ಸಾಮ್ರಾಜ್ಯಗಳು ಉರುಳಿದ್ದಕ್ಕೆ ಪಂಡಿತರು ಎಷ್ಟೋ ಕಾರಣ ಕೊಟ್ಟಿದ್ದಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುವುದನ್ನು ಮಾತ್ರ ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ನಮ್ಮ ಗುಮಾಸ್ತ ಪರಿಗಣಿಸಿದ್ದ. ಮೂರನೆಯ ಮಹಡಿಯ ಪ್ರಿಂಟರಿನ ಹೊಟ್ಟೆಯಿಂದ ಕಾಗದ ಹೊರತೆಗೆಯುವ ವಿದ್ಯೆ ಅವನೊಬ್ಬನಿಗೇ ಗೊತ್ತಿತ್ತು. ಆ ಪಾಂಡಿತ್ಯದ ದೆಸೆಯಿಂದ ಮಗಳ ಶಾಲೆಯ ಎರಡು ನಾಟಕ ತಪ್ಪಿದ್ದವು. ಈ ದಿನ ಸಂಜೆ ಆರಕ್ಕೆ ಮೂರನೆಯದು. ಅವಳದು ಮರದ ಪಾತ್ರ.

“ಅಪ್ಪ, ನಾನಂತೂ ಅಲ್ಲಾಡೋ ಹಾಗಿಲ್ಲ. ನೀನೇ ಬಂದು ನೋಡ್ಬೇಕು,” ಎಂದಿದ್ದಳು.

ಐದಕ್ಕೆ ಹೊರಡಬೇಕಾದರೆ ವಿದ್ಯಾದಾನ ಮಾಡಲೇಬೇಕು. ಪ್ರಿಂಟರಿನ ಪಕ್ಕ ಅವನು ಮೊದಲು ಅಂಟಿಸಿದ್ದ ಹದಿನಾರು ಸಾಲಿನ ಸೂಚನೆಯ ಮೇಲೆ ಯಾರೋ ಕೊಡೆ ನೇತುಹಾಕಿದ್ದರು. ಹಾಗಾಗಿ ಬೆಳಿಗ್ಗೆಯೇ ಕೂತು ನಾಲ್ಕು ಚಿತ್ರ ಬರೆದ: ಮುಚ್ಚಳ ತೆರೆಯುವ ಕೈ, ಹಸಿರು ಹಿಡಿ ಒತ್ತುವ ಕೈ, ಕಾಗದ ಎಳೆಯುವ ಕೈ, ಮತ್ತೆ ಮುಚ್ಚುವ ಕೈ. ತುಂಬ ಕೆಂಪು ಬಾಣಗಳು.

ಟಪಾಲು ವಿಭಾಗದ ಅಕ್ಕ ಅದನ್ನು ನೋಡಿಕೊಂಡೇ ಅರ್ಧ ನಿಮಿಷದಲ್ಲಿ ಕಾಗದ ತೆಗೆದಳು. ಇಡೀ ಮಹಡಿ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಹಿಂದೆಯೇ ಸಲಹೆಗಳು ಬಂದವು.

“ಬಾಣ ಇಷ್ಟೊಂದ್ಯಾಕೆ ತಮ್ಮಾ, ಯುದ್ಧ ನಡೀತಿದ್ಯಾ?” ಎಂದಳು ಅಕ್ಕ. ಬಾಣಗಳು ಹೋದವು.

“ಕೈ ಮಾತ್ರ ಇದೆ, ಮಿಕ್ಕ ಮೈ ಎಲ್ಲಿ? ನೋಡಿದ್ರೆ ಊಟ ಸೇರಲ್ಲ,” ಎಂದ ಉಗ್ರಾಣದವನು. “ಪೂರ್ತಿ ಮನುಷ್ಯನ್ನ ಬರೀರಿ ಮಾರಾಯ್ರೆ.”

ಗುಮಾಸ್ತನಿಗೆ ಬರೆಯಲು ಬರುತ್ತಿದ್ದುದು ಒಂದೇ ಮುಖ, ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವಂಥದ್ದು: ಬೋಳು ತಲೆ, ದುಂಡು ಕನ್ನಡಕ, ಸವೆದ ಬ್ರಷ್ಷಿನಂಥ ಮೀಸೆ. ನಾಲ್ಕೂ ಚಿತ್ರಗಳಲ್ಲಿ ಅದನ್ನೇ ಬರೆದ.

ಕೊನೆಗೆ ಮ್ಯಾನೇಜರು ಬಂದು ತಲೆ ಓರೆ ಮಾಡಿ ನೋಡಿದರು. “ಒಳ್ಳೇ ಚಿತ್ರಕ್ಕೆ ಮಾತು ಬೇಡ ಕಣ್ರೀ. ನಾಲ್ಕು ಯಾಕೆ, ಒಂದು ಸಾಕು. ಈ ಕೊನೇದು ಇಡಿ, ಮುಖದಲ್ಲಿ ನಗು ಇದೆ.” ಕೊನೆಯದರಲ್ಲಿ ಮುಚ್ಚಿದ ಪ್ರಿಂಟರಿನ ಪಕ್ಕ ಕೈಯಲ್ಲಿ ಹರಿದ ಕಾಗದ ಹಿಡಿದು ಗುಮಾಸ್ತ ಧನ್ಯನಾಗಿ ನಿಂತಿದ್ದ. ಮಧ್ಯಾಹ್ನದೊಳಗೆ ಅದು ಬಣ್ಣದಲ್ಲಿ ಅಚ್ಚಾಗಿ ಏಳೂ ಮಹಡಿಗಳ ಪ್ರಿಂಟರುಗಳ ಮೇಲೆ ರಾರಾಜಿಸಿತು. ಮ್ಯಾನೇಜರು ಅವನ ಬೆನ್ನು ತಟ್ಟಿ, “ಇನ್ಮೇಲೆ ನಮ್ಮ ದಾಖಲೆ ಎಲ್ಲಾ ಹೀಗೇ ಇರ್ಬೇಕು,” ಎಂದರು.

ಐದಕ್ಕೆ ಹತ್ತು ನಿಮಿಷವಿರುವಾಗ ಗುಮಾಸ್ತ ಚೀಲ ಹೆಗಲಿಗೇರಿಸಿ, ಗೆದ್ದ ಪೈಲ್ವಾನನಂತೆ ಮೆಟ್ಟಿಲಿಳಿಯತೊಡಗಿದ. ಮೇಲಿನಿಂದ ಓಡಿಬಂದ ಅಪರಿಚಿತ ಹುಡುಗಿಯೊಬ್ಬಳು ಅಡ್ಡ ನಿಂತು, ಕೈಯಲ್ಲಿದ್ದ ಹಾಳೆಯನ್ನೂ ಅವನ ಮೀಸೆಯನ್ನೂ ತಾಳೆ ನೋಡಿದಳು.

“ಇವ್ರು ನೀವೇ ಅಲ್ವಾ ಸರ್? ಐದನೇ ಮಹಡೀಲಿ ಸಿಕ್ಕೊಂಡಿದೆ.”

“ಚಿತ್ರ ನೋಡ್ಲಿಲ್ವೇನಮ್ಮಾ?”

“ನೋಡೇ ಬಂದಿದ್ದು. ಎಷ್ಟು ಚೆನ್ನಾಗಿ ಅರ್ಥ ಆಗತ್ತೆ ಗೊತ್ತಾ? ಕಾಗದ ಸಿಕ್ಕೊಂಡ್ರೆ ಇವ್ರನ್ನ ಕರೀಬೇಕು ಅಂತ.”

ಅವಳ ಹಿಂದೆ ಆರನೆಯ ಮಹಡಿಯವರೂ ಏಳನೆಯ ಮಹಡಿಯವರೂ ಹಾಳೆ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರೂ ತಪ್ಪು ತಿಳಿದುಕೊಂಡಿರಲಿಲ್ಲ.

ಆರು ಗಂಟೆಗೆ ಮರ ಅಲ್ಲಾಡದೆ ನಿಂತಿತ್ತು. ಗುಮಾಸ್ತ ಐದನೆಯ ಮಹಡಿಯಲ್ಲಿದ್ದ.