ಕರಡಿಯ ಕೆಂಪು ಗೆರೆ

ಒಂದು ಕರಡಿಯ ಸಲುವಾಗಿ ನಾನು ನನ್ನ ಸೊಸೆಯ ಮೇಲೆ ಕಳ್ಳತನ ಹೊರಿಸಿದೆ. ಕಾಡಿನ ಕರಡಿಯಲ್ಲ, ನಮ್ಮ ಟೀವಿಯೊಳಗಿನ ಕರಡಿ. ಕನ್ನಡಕ ಹಾಕಿಕೊಂಡು, ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ಪಕ್ಕದ ಮನೆಯ ಮಾತನ್ನು ಕದ್ದು ಕೇಳಿಸಿಕೊಳ್ಳುತ್ತಿರುವಂತೆ ಕಾಣುವ ಕರಡಿ. ಅದು ನಮ್ಮ ಯಜಮಾನರು. (ಗಾಬರಿಯಾಗಬೇಡಿ. ನನಗೆ ಅರಳು ಮರಳು ಇನ್ನೂ ಬಂದಿಲ್ಲ. ಮೊದಲಿನಿಂದ ಹೇಳುತ್ತೇನೆ.)

ನಮ್ಮ ಯಜಮಾನರದು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮನೆಯ ಮುಂದಿನ ಕೋಣೆಗೇ ರೋಲಿಂಗ್ ಶಟರ್ ಹಾಕಿಸಿದ್ದರು. ಅವರು ಮುಂದೆ ಕೌಂಟರಿನಲ್ಲಿ, ನಾನು ಹಿಂದೆ ಪರದೆಯ ಮರೆಯಲ್ಲಿ. ಜನ ಸಿನಿಮಾ ನೋಡಿ ಮುಗಿಸಿ, ಟೇಪನ್ನು ಕೊನೆಯಲ್ಲೇ ಬಿಟ್ಟು ತಂದುಕೊಡುತ್ತಿದ್ದರು. "ಹಿಂದಕ್ಕೆ ಸುತ್ತಿ ಕೊಡಿ" ಎಂದು ಅವರು ದಪ್ಪಕ್ಷರದಲ್ಲಿ ಬೋರ್ಡು ಬರೆಸಿದ್ದರು. ಯಾರೂ ಸುತ್ತುತ್ತಿರಲಿಲ್ಲ. ಸುತ್ತುವವಳು ನಾನು. ಅದಕ್ಕೊಂದು ಪುಟ್ಟ ಯಂತ್ರವಿತ್ತು. ಅದರ ಮುಚ್ಚಳದ ಕೊಕ್ಕೆ ಮುರಿದಿದ್ದರಿಂದ ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೂರಬೇಕು. ಯಂತ್ರ ಗುಂಯ್ ಅನ್ನುತ್ತಿತ್ತು, ಮಧ್ಯಾಹ್ನದ ಬಿಸಿಲು ಪರದೆಯ ಸಂದಿನಿಂದ ಜಾರಿ ಮಡಿಲಿಗೆ ಬೀಳುತ್ತಿತ್ತು, ನಾನು ಬೆರಳು ಒತ್ತಿಕೊಂಡೇ ನಿದ್ದೆ ಮಾಡುವುದನ್ನು ಕಲಿತೆ. ನಾನು ಮಲಗಿದರೂ ನನ್ನ ಹೆಬ್ಬೆರಳು ಮಲಗುತ್ತಿರಲಿಲ್ಲ. ಈ ವಿದ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಕಳೆಯುವುದು ಇದೇ.

ಓದು ನನಗೆ ಅಷ್ಟಕ್ಕಷ್ಟೆ. ಅಕ್ಷರ ಅಕ್ಷರ ಕೂಡಿಸಿಕೊಂಡು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಲ್ಲಿ ಏನಿತ್ತೆಂದು ಮರೆತಿರುತ್ತದೆ. ಅದಕ್ಕೇ ಅವರು ಪ್ರತಿ ಕ್ಯಾಸೆಟ್ಟಿಗೂ ಒಂದು ಚಿತ್ರ ಅಂಟಿಸುತ್ತಿದ್ದರು. ಅಳುವ ಸಿನಿಮಾಕ್ಕೆ ಬಾತುಕೋಳಿ, ನಗುವುದಕ್ಕೆ ಬೆಕ್ಕು, ಹೊಡೆದಾಟಕ್ಕೆ ಹೋರಿ. ಅಂಗಡಿಯೆಲ್ಲ ಒಂದು ಮೃಗಾಲಯವಾಗಿತ್ತು.

ಹೀಗಿರುವಾಗ ಯಾರೋ ಪೋರನೊಬ್ಬನ ಹೊಸ ಕಂಪನಿ ಹುಟ್ಟಿತು. ಸಿನಿಮಾದ ತಟ್ಟೆಯನ್ನು ಕಾಗದದ ಕವರಿನಲ್ಲಿ ಹಾಕಿ ಅಂಚೆಯಲ್ಲಿ ಮನೆಗೆ ಕಳಿಸುತ್ತದಂತೆ, ನೋಡಿ ಅದೇ ಕವರಿನಲ್ಲಿ ವಾಪಸು ಹಾಕಿದರೆ ಸಾಕಂತೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂಗಡಿಯೇ ಇಲ್ದೆ ಅಂಗಡಿ ಇಡ್ತಾನಂತೆ ಕಣೇ ಆ ಪೋರ! ಎದುರಿಗೆ ನಿಂತು 'ಇದು ಬೇಡ ಸ್ವಾಮಿ, ನಿಮಗೆ ಅದು ಹಿಡಿಸುತ್ತೆ' ಅಂತ ಹೇಳೋರು ಯಾರು? ಪೋಸ್ಟ್‌ಮನ್ನಾ?"

ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ ಮಾಯವಾದರು. ಶತ್ರುವಿನ ಕೋಟೆಯನ್ನು ಒಳಹೊಕ್ಕು ನೋಡಬೇಕೆಂದು ಅವರೇ ಒಂದು ದಿನ ಆ ಪೋರನಿಗೆ ಚಂದಾ ಕಟ್ಟಿದರು. ತಟ್ಟೆ ಬಂತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಗೋಡೆಯ ಮೇಲೆ ಕಾಮನಬಿಲ್ಲಿನ ಚೂರೊಂದು ಓಡಾಡಿತು. ನಾನು ಕೇಳಿದೆ, "ಇದನ್ನ ಸುತ್ತೋದು ಹ್ಯಾಗೆ?"

"ಸುತ್ತೋ ಹಾಗೇ ಇಲ್ಲ."

ಒಂದೇ ಮಾತಿನಲ್ಲಿ ನನ್ನ ಉದ್ಯೋಗ ಹೋಯಿತು.

ಶಟರ್ ಕೆಳಗಿಳಿಯಿತು. ಕ್ಯಾಸೆಟ್ಟಿನ ಕಪಾಟುಗಳು ಅಡುಗೆಮನೆಗೆ ಬಂದು ಡಬ್ಬಿಗಳನ್ನು ಹೊತ್ತುಕೊಂಡವು. (ಉಪ್ಪಿನ ಡಬ್ಬಿಯ ಕೆಳಗೆ ಈಗಲೂ ಒಂದು ಬಾತುಕೋಳಿ ಇದೆ.) ನಮ್ಮವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಮದುವೆಗೆ ಮುಂಚೆ ನನಗಾಗಿಯೂ ಕಾದಿರದಷ್ಟು ಆಸೆಯಿಂದ, ಪೋಸ್ಟ್‌ಮನ್ನಿಗೆ ಕಾಯತೊಡಗಿದರು.

ಆ ಪೋರ ಬೆಳೆದ. ಕವರು ನಿಂತಿತು. ಸಿನಿಮಾ ತಂತಿಯಲ್ಲೇ ಹರಿದು ಬರಲು ಶುರುವಾಯಿತು. ಮೊದಮೊದಲು ನಾಯಕ ನಾಯಕಿಯ ಕೈ ಹಿಡಿಯುವಷ್ಟರಲ್ಲಿ ಇಬ್ಬರೂ ಕಲ್ಲಾಗಿ, ನಡುವೆ ಒಂದು ಚಕ್ರ ತಿರುಗುತ್ತ ನಿಲ್ಲುತ್ತಿತ್ತು. "ನೋಡು, ನಿನ್ನ ಸುತ್ತೋ ಕೆಲಸ ಈಗ ಅವನೇ ಮಾಡ್ತಿದಾನೆ" ಅನ್ನುತ್ತಿದ್ದರು ನಮ್ಮವರು. ಗಮನಿಸಿದಿರಾ? ಪೋರ ಹೋಗಿ 'ಅವನು' ಆಗಿದ್ದ.

ಆಮೇಲೆ ಅವನು "ನೀವು ಅದನ್ನು ನೋಡಿದ್ದೀರಿ, ಇದೂ ಹಿಡಿಸಬಹುದು" ಎಂದು ಸಲಹೆ ಕೊಡತೊಡಗಿದ. ನಮ್ಮವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇದು ನನ್ನ ಮಾತು! ಬೇಕರಿಯವನು ಕ್ಯಾಸೆಟ್ಟಿಗೆ ಬಂದಾಗೆಲ್ಲ ನಾನು ಹೇಳ್ತಿದ್ದ ಮಾತು! ಕದ್ದುಬಿಟ್ಟ!" ಆಮೇಲೆ ಆ ಕಂಪನಿ ತಾನೇ ಸಿನಿಮಾ ತೆಗೆಯಿತು. ದೂರ ದೂರದ ದೇಶದವರ ಬಾಯಲ್ಲೂ ನಮ್ಮ ಮಾತು ಆಡಿಸಿತು. ಆಗ ನಮ್ಮವರು ದನಿ ತಗ್ಗಿಸಿ, "ಅವರು ಭಾರಿ ಬೆಳೆದುಬಿಟ್ಟರು ಕಣೇ" ಅಂದರು. ಅಲ್ಲಿಗೆ ಬಹುವಚನ! ನನಗೆ ಇಷ್ಟು ವರ್ಷದಲ್ಲಿ ಸಿಗದ ಮರ್ಯಾದೆ.

ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮುಖದ ಚಿತ್ರ, ಅದನ್ನು ಒತ್ತಿದರೆ ಅವರವರು ನೋಡಿದ್ದರ ಲೆಕ್ಕ ಅವರವರಿಗೆ, ಅಂತ ಕಂಪನಿ ಮಾಡಿದಾಗಂತೂ ಅವರ ಸಂಭ್ರಮ ಹೇಳತೀರದು. "ನಮ್ಮ ಬಾತುಕೋಳಿ, ಬೆಕ್ಕು ನೋಡಿಯೇ ಕಲಿತದ್ದು. ನಿನ್ನಂಥೋರಿಗೆ ಅನುಕೂಲ ಆಗ್ಲಿ ಅಂತ." ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವ ನಮ್ಮ ಮಗನಿಗೆ ತಗಡಿನ ಮನುಷ್ಯ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಸೊಸೆಗೆ ಹುಲಿ (ಅವಳೇ ಆರಿಸಿಕೊಂಡದ್ದು, ನಾನು ಬಾಯಿ ಬಿಟ್ಟಿಲ್ಲ). ಮೊಮ್ಮಗಳಿಗೆ ನಕ್ಷತ್ರ. ನನಗೆ ಹಸಿರು ಗಿಳಿ. ಅವರಿಗೆ ಕನ್ನಡಕದ ಕರಡಿ.

ಟೀವಿಯ ಮುಂದೆ ಅವರದೊಂದು ಪದ್ಧತಿ ಇತ್ತು. ಗೊರಕೆ ಹೊಡೆಯುತ್ತಿರುತ್ತಾರೆ, ನಾನು ಮೆಲ್ಲಗೆ ಆರಿಸಲು ಹೋಗುತ್ತೇನೆ, ಕಣ್ಣು ಮುಚ್ಚಿಕೊಂಡೇ "ಆರಿಸ್ಬೇಡ, ನೋಡ್ತಾ ಇದೀನಿ" ಅನ್ನುತ್ತಾರೆ. ಒಂದು ದಿನವೂ ನಿದ್ದೆ ಬಂತೆಂದು ಒಪ್ಪಿಕೊಂಡವರಲ್ಲ. ಆದರೆ ಒಂದು ಸಂಜೆ, ಸಮುದ್ರದ ಸಿನಿಮಾವೊಂದು ನಡೆಯುತ್ತಿತ್ತು. ಹಡಗಿನ ಕಪ್ತಾನ ಬಹಳ ವರ್ಷಗಳ ಮೇಲೆ ಮನೆಗೆ ಬಂದು ಬಾಗಿಲ ಚಿಲಕದ ಮೇಲೆ ಕೈ ಇಟ್ಟಿದ್ದ. ಅವರು ತಾವಾಗಿಯೇ ಹೇಳಿದರು, "ನಿಲ್ಲಿಸು ಕಣೇ, ನಿದ್ದೆ ಬರ್ತಿದೆ. ಉಳಿದದ್ದು ನಾಳೆ ನೋಡೋಣ."

ಆ ಕುರ್ಚಿಯಲ್ಲಿ ಅವರು ಮತ್ತೆ ಕೂರಲಿಲ್ಲ.

ಕಂಪನಿಯವರಿಗೆ ಅದು ಗೊತ್ತಿಲ್ಲ. ಕರಡಿಯನ್ನು ಒತ್ತಿದರೆ ಮೊದಲು ಬರುವುದು ಅದೇ ಸಮುದ್ರ. ಕೆಳಗೆ ಒಂದು ಕೆಂಪು ಗೆರೆ, ಅರ್ಧದವರೆಗೆ ಬಂದು ನಿಂತಿದೆ. ಊಟವಾದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ನಾನು ಅವರ ಕುರ್ಚಿಯಲ್ಲಿ ಕೂತು ಕರಡಿಯನ್ನು ತೆರೆದು, ಗೆರೆ ಇದ್ದಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಅಷ್ಟೆ. ಮುಂದಕ್ಕೆ ನೋಡುತ್ತಿರಲಿಲ್ಲ. ನೋಡುತ್ತ ನೋಡುತ್ತ ಕಣ್ಣು ಎಳೆಯುತ್ತಿತ್ತು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ನಮ್ಮ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಮಂಡಿನೋವಿನಿಂದಾಗಿ ಇನ್ನು ಮೇಲೆ ನಮ್ಮಲ್ಲೇ ಇರುವುದೆಂದು ತೀರ್ಮಾನವಾಯಿತು. ಬಲು ಓದಿದ ಹೆಂಗಸು. ಮಲಗಿ ಎದ್ದರೂ ಸೀರೆಯ ಮಡಿಕೆ ಕೆಡದಂಥವರು. ಅವರಿಗೂ ಟೀವಿಯಲ್ಲಿ ಒಂದು ಮುಖ ಬೇಕಲ್ಲ! ಕಂಪನಿ ಒಂದು ಮನೆಗೆ ಕೊಡುವುದು ಐದೇ ಮುಖ. ಊಟದ ಮೇಜಿನ ಸುತ್ತ ಮಹಾಸಭೆ ಕೂಡಿತು.

ಮಗ ಅನ್ನ ಕಲಸುತ್ತ ಹೇಳಿದ, "ಅಮ್ಮಾ, ಬೇಜಾರು ಮಾಡ್ಕೋಬೇಡ. ಅಪ್ಪನ ಕರಡಿ ಸುಮ್ನೆ ತಾನೆ ಇರೋದು..."

"ಸುಮ್ನೆ ಇಲ್ಲ. ಸಿನಿಮಾ ನೋಡ್ತಿದೆ."

"ಅತ್ತೆ..." ಅಂದಳು ಸೊಸೆ, ಮೆಲ್ಲಗೆ.

"ಅರ್ಧಕ್ಕೆ ನಿಂತಿದೆ. ನೋಡ್ತಿರೋರನ್ನ ಅರ್ಧಕ್ಕೆ ಎಬ್ಬಿಸಿ ಕಳಿಸ್ತಾರೇನಪ್ಪ? ಅವರು ನೋಡ್ತಿರೋದು ಮುಗೀಲಿ. ಮುಗಿದ ದಿನ ನಾನೇ ಹೇಳ್ತೀನಿ, ತೆಗೀರಿ ಅಂತ. ಅಲ್ಲೀತನಕ ಕರಡಿ ಮುಟ್ಟಿದ್ರೆ ನೋಡಿ!"

ಮಗ ಸೊಸೆಯನ್ನು ನೋಡಿದ. ಸೊಸೆ ಉಪ್ಪಿನ ಡಬ್ಬಿಯನ್ನು ನೋಡಿದಳು. ಒಪ್ಪಂದವಾಯಿತು. ನನಗೆ ನಾನೇ ದೊಡ್ಡ ವಕೀಲೆಯಂತೆ ಕಂಡೆ. ಮುಗಿಸುವವರು ಯಾರು? ಅವರಿಲ್ಲ, ನಾನು ಮುಗಿಸುವುದಿಲ್ಲ. ಕರಡಿ ಚಿರಂಜೀವಿ!

ಮರುದಿನದಿಂದ ರಿಮೋಟನ್ನು ಕೈಬಿಡದೆ ಹಿಡಿದೇ ಕಾವಲು ಕೂತೆ. ಅದರ ಮಾರನೆಯ ದಿನ ತೆರೆದು ನೋಡುತ್ತೇನೆ, ಕೆಂಪು ಗೆರೆ ಮುಂದಕ್ಕೆ ಹೋಗಿದೆ.

ಮೊದಲು ನನಗೆ ಏನನ್ನಿಸಿತೆಂದು ಹೇಳಿದರೆ ನಗಬೇಡಿ. ಅವರು ಬಂದು ನೋಡಿಹೋಗಿದ್ದಾರೆ ಅನ್ನಿಸಿತು. ಗೋಡೆಯೊಳಗಿಂದ, ಗಾಳಿಯೊಳಗಿಂದ ಒಂದು ಇಡೀ ಸಮುದ್ರವೇ ಮನೆಗೆ ಬರುವಾಗ ಒಬ್ಬ ಸಣಕಲು ಮುದುಕ ಬರಬಾರದೇ? ಅವರ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಟೀವಿಯ ಪಕ್ಕ ಇಟ್ಟೆ. ಕುಶನ್ನು ತಟ್ಟಿ ಸರಿಮಾಡಿದೆ. ಆಮೇಲೆ ಹೊಳೆಯಿತು. ಅವರೇ ನೋಡುತ್ತಿದ್ದರೂ, ಮುಗಿಸಿಬಿಟ್ಟರೆ? ಮುಗಿದ ದಿನ ತೆಗೆಯಿರಿ ಅಂದವಳು ನಾನೇ ಅಲ್ಲವೇ! ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಸುತ್ತಿದೆ. ಕಪ್ತಾನ ಹಿಂದೆ ಹಿಂದೆ ನಡೆದು ಬಂದು ಚಿಲಕದ ಮೇಲೆ ಕೈ ಇಟ್ಟ. ಅಲ್ಲಿ ನಿಲ್ಲಿಸಿದೆ. ಎಷ್ಟಾದರೂ ಹಳೇ ಕಸುಬು.

ಮಾರನೆಯ ದಿನ ಮತ್ತೆ ಮುಂದೆ ಹೋಗಿತ್ತು. ಮತ್ತೆ ಸುತ್ತಿದೆ. ದಿನವೂ ಇದೇ ಆಯಿತು.

ಆ ಮಧ್ಯಾಹ್ನಗಳಲ್ಲಿ ನನಗೊಂದು ಕನಸು ಬೀಳುತ್ತಿತ್ತು. ನಮ್ಮ ಅಂಗಡಿ. ಶಟರಿನ ಅಡಿಯಿಂದ ಸಮುದ್ರದ ನೀರು ತೆಳ್ಳಗೆ ಒಳಗೆ ಬರುತ್ತಿದೆ. ಕ್ಯಾಸೆಟ್ಟುಗಳು ದೋಣಿಗಳ ಹಾಗೆ ತೇಲುತ್ತಿವೆ, ಒಂದೊಂದರ ಮೇಲೂ ಒಂದೊಂದು ಬಾತುಕೋಳಿ. ನಾನು ಪರದೆಯ ಹಿಂದೆ ಕೂತು ಬಲೆ ಹೆಣೆಯುತ್ತಿದ್ದೇನೆ. (ಬಲೆ ಹೆಣೆಯುವುದು ನನಗೆ ಬರುವುದಿಲ್ಲ. ಕನಸಿನಲ್ಲಿ ಬರುತ್ತದೆ.) ಬಾಗಿಲು ಕಿರ್ರೆನ್ನುತ್ತದೆ. ಅವರು ಒಳಗೆ ಬರುತ್ತಾರೆ. ನಾನು ತಲೆ ಎತ್ತದೆ, "ಕಾಲು ಒರೆಸಿಕೊಂಡು ಬಾ" ಅನ್ನುತ್ತೇನೆ. ಅವರಿಗೆ ಎಂದೂ ಏಕವಚನ ಆಡಿದವಳಲ್ಲ ನಾನು. ಕನಸಿನಲ್ಲಿ ಎಷ್ಟು ಹಾಯಾಗಿತ್ತು ಅಂತೀರಿ! ಎಚ್ಚರವಾಗುವಾಗ ಟೀವಿ ಆರಿರುತ್ತಿತ್ತು. ಅಡುಗೆಮನೆಯಲ್ಲಿ ಸೊಸೆ ಕೆಲಸದಿಂದ ಬಂದು ಟೀ ಕಾಯಿಸುತ್ತಿರುತ್ತಿದ್ದಳು.

ಸೊಸೆ! ತಾಯಿಗೆ ಮುಖ ಬೇಕಾಗಿರುವುದು ಯಾರಿಗೆ? ಗೆರೆಯನ್ನು ಕೊನೆಗೆ ಮುಟ್ಟಿಸಿದರೆ ಲಾಭ ಯಾರಿಗೆ? ಬಟಾಣಿ ಸುಲಿಯುತ್ತ ಕೂತಾಗ ಕೇಳಿಯೇಬಿಟ್ಟೆ.

"ನಿಮ್ಮ ಮಾವನ ಸಿನಿಮಾನ ಯಾರೋ ಕದ್ದು ನೋಡ್ತಿದಾರೆ."

ಅವಳ ಕೈ ನಿಂತಿತು. "ಹೌದಾ ಅತ್ತೆ?"

"ಹೌದು. ಒಬ್ಬರನ್ನ ಕೂರಿಸೋಕೆ ಇನ್ನೊಬ್ಬರನ್ನ ಎಬ್ಬಿಸೋ ಅವಸರ ಯಾರಿಗಿದೆಯೋ ಅವರೇ ನೋಡ್ತಿರಬೇಕು."

ಮಾತಿಗೆ ಮಾತು ಜೋಡಿಸುವ ಹುಲಿ, ಮುಖ ಕೆಂಪಗೆ ಮಾಡಿಕೊಂಡು ಒಂದು ಮಾತೂ ಆಡಲಿಲ್ಲ. ನನ್ನತ್ತ ಏನೋ ಕನಿಕರದಿಂದ ನೋಡಿ, ನನ್ನ ಪಾಲಿನ ಬಟಾಣಿಯನ್ನೂ ತಾನೇ ಸುಲಿದಳು. ಸಿಕ್ಕಿಬಿದ್ದಳು ಎಂದುಕೊಂಡೆ.

ಬೀಗಿತ್ತಿ ಬರುವ ದಿನ ಬಂತು. ಮಗ, ಸೊಸೆ, ಮೊಮ್ಮಗಳು ಸ್ಟೇಷನ್ನಿಗೆ ಹೋದರು. ರೈಲು ತಡವಂತೆ. ನಾನು ಮನೆ ಗುಡಿಸಿ, ಊಟ ಮಾಡಿ, ಅಭ್ಯಾಸದಂತೆ ಗೆರೆಯನ್ನು ಸುತ್ತಿ ಸರಿಯಾದ ಜಾಗಕ್ಕೆ ತಂದು, ರಿಮೋಟನ್ನು ಭದ್ರವಾಗಿ ಕೈಯಲ್ಲೇ ಹಿಡಿದುಕೊಂಡು ಕೂತೆ. ಇವತ್ತು ಯಾರು ಕದಿಯುತ್ತಾರೋ ನೋಡೇಬಿಡೋಣ!

ಮತ್ತೆ ನೀರು ಬಂತು, ಬಾತುಕೋಳಿಗಳು ಬಂದವು, ಅವರು ಬಂದರು. ಈ ಸಲ ಕನಸು ಮುಂದುವರಿದು ಎಲ್ಲೆಲ್ಲಿಗೋ ಹೋಯಿತು. ಅಲೆಗಳು ಎದ್ದು ಒಂದನ್ನೊಂದು ಹಿಡಿದು ನೆಲಕ್ಕೆ ಅಪ್ಪಳಿಸತೊಡಗಿದವು. ಸಾವಿರ ಜನ ಕೇಕೆ ಹಾಕಿದರು. ಯಾರೋ ನನ್ನ ಕೈಯಿಂದ ರಿಮೋಟ್ ಬಿಡಿಸಲು ನೋಡಿದರು.

"ಆರಿಸ್ಬೇಡ," ಅಂದೆ, ಕಣ್ಣು ಮುಚ್ಚಿಕೊಂಡೇ. "ನೋಡ್ತಾ ಇದೀನಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಕಣ್ಣು ಬಿಟ್ಟರೆ ಎದುರಿಗೆ ಬೀಗಿತ್ತಿ. ಸೀರೆಯ ಮಡಿಕೆ ಕೆಟ್ಟಿಲ್ಲ. ಕೈಯಲ್ಲಿ ಸೂಟ್‌ಕೇಸ್. ಅವರ ಹಿಂದೆ ಟೀವಿಯಲ್ಲಿ ಚಡ್ಡಿ ತೊಟ್ಟ ಇಬ್ಬರು ಪೈಲ್ವಾನರು ಒಬ್ಬರ ಮೇಲೊಬ್ಬರು ಬಿದ್ದು ಉರುಳುತ್ತಿದ್ದಾರೆ.

"ಬೀಗಿತ್ತಿಯವರಿಗೆ ಕುಸ್ತಿ ಅಂದ್ರೆ ಇಷ್ಟು ಪ್ರೀತಿ ಅಂತ ಗೊತ್ತಿರಲಿಲ್ಲ," ಅಂದರು ಅವರು.

ಸಿನಿಮಾ ಮುಗಿದುಹೋಗಿತ್ತು. ಮುಗಿದ ಮೇಲೆ ಕಂಪನಿ, ಕರಡಿಗೆ ಇಷ್ಟವಾದೀತೆಂದು, ಕುಸ್ತಿಯ ಧಾರಾವಾಹಿಯನ್ನು ತಾನೇ ಶುರುಮಾಡಿಕೊಂಡಿತ್ತು. ನನ್ನ ಹೆಬ್ಬೆರಳು ರಿಮೋಟಿನ ನಡುವಿನ, ಸಿನಿಮಾ ಓಡಿಸುವ ದುಂಡು ಗುಂಡಿಯ ಮೇಲೆ ಇನ್ನೂ ಒತ್ತಿಕೊಂಡೇ ಇತ್ತು.

ನಾನು ಬಿಳುಚಿಕೊಂಡಿದ್ದನ್ನು ನೋಡಿ ಸೊಸೆ ಪಕ್ಕದಲ್ಲಿ ಕೂತಳು. "ಅತ್ತೆ, ದಿನಾ ನಾನು ಬರೋ ಹೊತ್ತಿಗೆ ಸಿನಿಮಾ ಓಡ್ತಿರುತ್ತೆ, ನೀವು ಮಲಗಿರ್ತೀರಿ. ನಾನೇ ಆರಿಸ್ತಿದ್ದೆ. ಮಾವನ ಸಿನಿಮಾನ ನೀವೇ ಒಬ್ರೇ ನೋಡಿ ಮುಗಿಸ್ತಿದೀರಿ, ಹೇಳ್ಕೊಳ್ಳೋಕೆ ಸಂಕೋಚ ಅಂತ ನನ್ನ ಮೇಲೆ ಹಾಕ್ತಿದೀರಿ ಅಂದ್ಕೊಂಡೆ. ಅದಕ್ಕೇ ಸುಮ್ನಿದ್ದೆ."

"ನಾನು ಚಿಲಕದಿಂದ ಆಚೆ ಒಂದು ಚೂರೂ ನೋಡಿಲ್ಲ ಕಣಮ್ಮ!"

"ಹಂಗಾದ್ರೆ ಬಾಗಿಲು ತೆಗೆದ ಮೇಲೆ ಏನಾಯ್ತು ಗೊತ್ತಿಲ್ವಾ?" ಎಂದ ಮಗ.

"ಏನಾಗುತ್ತೆ? ಅವಳು ಬಲೆ ಹೆಣೀತಾ ಕೂತಿರ್ತಾಳೆ. ತಲೆ ಎತ್ತಲ್ಲ. 'ಕಾಲು ಒರೆಸಿಕೊಂಡು ಬಾ' ಅಂತಾಳೆ..."

ಹೇಳಿದವಳೇ ಬಾಯಿ ಮುಚ್ಚಿಕೊಂಡೆ. ಆ ಸಿನಿಮಾ ನೋಡಿದ್ದ ಸೊಸೆ ಮೆಲ್ಲಗೆ ತಲೆಯಾಡಿಸಿದಳು. ಸಿನಿಮಾದಲ್ಲಿ ಹಾಗೆಯೇ ಇತ್ತಂತೆ.

ಕಳ್ಳಿ ನಾನೇ. ನಿದ್ದೆಯಲ್ಲಿ ಕಿವಿಯಿಂದ ಸಿನಿಮಾ ನೋಡಿ, ನನ್ನ ಗಂಡನನ್ನು ನಾನೇ ಕೊನೆ ಮುಟ್ಟಿಸಿದ್ದೆ. ಮಾತು ಕೊಟ್ಟದ್ದೂ ನಾನೇ. "ಆಯ್ತು. ಮುಗೀತಲ್ಲ. ತೆಗೀರಿ ಕರಡಿನ" ಅಂದೆ.

ಮಗ ರಿಮೋಟ್ ತೆಗೆದುಕೊಂಡ. "ಇಲ್ಲಮ್ಮ. ನೋಡ್ತಿರೋದು ಮುಗೀಲಿ ಅಂದಿದ್ದೆ ನೀನು. ಅಪ್ಪ ಈಗ ಕುಸ್ತಿ ನೋಡ್ತಿದಾರೆ. ಇದು ಮುಗಿಯೋ ಧಾರಾವಾಹಿ ಅಲ್ಲ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಂತೋಷದಲ್ಲಿ ಅವನ ಮುಂದಿನ ಮಾತಿಗೂ ಹೂಂ ಅಂದುಬಿಟ್ಟೆ. "ಹೇಗೂ ನೀನು ಅಪ್ಪನ ಮುಖದಲ್ಲೇ ನೋಡ್ತೀಯ. ಗಿಳಿ ಸುಮ್ನೆ ತಾನೆ ಇರೋದು. ಅದನ್ನ ಅತ್ತೆಗೆ ಕೊಡೋಣ."

ಹೀಗೆ ಗಂಡನನ್ನು ಉಳಿಸಿಕೊಳ್ಳಲು ಹೋಗಿ ನಾನು ಗಡಿಪಾರಾದೆ. ಗಿಳಿಯನ್ನು ಬೀಗಿತ್ತಿಗೆ ಇದ್ದ ಹಾಗೆಯೇ ದಾಟಿಸಿದರು. ಅವರು ನನ್ನ ಗಿಳಿಯ ಮೇಲೆ ಬೆರಳಿಟ್ಟ ಕೂಡಲೇ ಕಂಪನಿ ಸಡಗರದಿಂದ ಸಲಹೆಗಳ ಸರಮಾಲೆಯನ್ನು ಎದುರಿಗೆ ಹಿಡಿಯಿತು. ಬಾವಿಯಲ್ಲಿ ಹೆಣ. ಟ್ರಂಕಿನಲ್ಲಿ ಹೆಣ. ವಿಷ ಹಾಕಿದ ನಾದಿನಿ. (ನಾನು ಮನೆಮಂದಿಗೆಲ್ಲ ಹೂದೋಟದ ಕಾರ್ಯಕ್ರಮ ಮಾತ್ರ ನೋಡುತ್ತೇನೆ ಎಂದು ಹೇಳಿಕೊಂಡಿದ್ದೆ.) ಬೀಗಿತ್ತಿ ಮಗಳ ಕಡೆ ತಿರುಗಿ, "ಟೀಗೆ ಸಕ್ಕರೆ ಹಾಕೋರು ಯಾರಮ್ಮ ಈ ಮನೇಲಿ?" ಎಂದು ಕೇಳಿದರು.

ಈಗ ಕಂಪನಿಯವರ ಲೆಕ್ಕದಲ್ಲಿ ನಾನಿಲ್ಲ, ಅವರು ಇದ್ದಾರೆ. ಊಟವಾದ ಮೇಲೆ ಕರಡಿಯನ್ನು ತೆರೆದು ಕೂರುತ್ತೇನೆ. ಸಮುದ್ರವನ್ನು ಹಿಂದಕ್ಕೆ ಸುತ್ತಿ ಇಟ್ಟಿದ್ದೇನೆ. ಅಂಗಡಿಯ ನಿಯಮ ನಿಯಮವೇ. ಕಪ್ತಾನನ ಕೈ ಚಿಲಕದ ಮೇಲಿದೆ. ಆಮೇಲೆ ಕುಸ್ತಿ ಹಾಕುತ್ತೇನೆ. ನೀಲಿ ಚಡ್ಡಿಯವನು ಒಳ್ಳೆಯವನು, ಆದರೆ ಅವನ ಗುರು ಮೋಸಗಾರ. ನೋಡುತ್ತ ನೋಡುತ್ತ ಜನರ ಕೇಕೆ ಅಲೆಯ ಸದ್ದಾಗುತ್ತದೆ, ಶಟರಿನ ಅಡಿಯಿಂದ ನೀರು ಮೆಲ್ಲಗೆ ಒಳಗೆ ಬರುತ್ತದೆ.

ನಿನ್ನೆ ಸೊಸೆ ಹತ್ತಿರ ಬಂದು ಕೇಳಿದಳು, "ಅತ್ತೆ, ಮಲಗಿದೀರಾ? ಆರಿಸ್ಲಾ?"

ನನಗೆ ಪೂರ್ತಿ ಎಚ್ಚರವಿತ್ತು. ಕಣ್ಣು ಮಾತ್ರ ತೆರೆಯಲಿಲ್ಲ. "ಬೇಡಮ್ಮ. ನಿಮ್ಮ ಮಾವ ನೋಡ್ತಿದಾರೆ."

ಅವಳು ನನ್ನ ಕಾಲಿನ ಮೇಲೆ ಹೊದಿಕೆ ಎಳೆದಳು.

"ಹಂಗಾದ್ರೆ ಮಾವನಿಗೆ ಒಂದು ಮಾತು ಹೇಳಿ, ಅತ್ತೆ. ಗೊರಕೆ ಸ್ವಲ್ಪ ಕಮ್ಮಿ ಮಾಡ್ಲಿ. ಪಕ್ಕದ ಕೋಣೇಲಿ ಫೋನಲ್ಲಿ ಗಿಳಿ ಹಾಕ್ಕೊಂಡು ಕೂತಿರೋ ಅಮ್ಮನಿಗೆ ಕೊಲೆ ಯಾರು ಮಾಡಿದ್ದು ಅಂತ ಕೇಳಿಸ್ತಾ ಇಲ್ವಂತೆ."